ಗ್ರಬ್ ಸ್ಕ್ರೂ ಬಿಗಿಯಬೇಕಾ, ಬೇಡವಾ? ಮರ ಕಡೆಯುವ ಲೇತ್‌ನ ಸ್ಪಿಂಡಲ್ ಉಳಿಸುವ ದಾರಿಗಳ ಹೋಲಿಕೆ

ತೋಟದಲ್ಲಿ ಕಿತ್ತ ರೋಬಸ್ಟಾ ಬುಡ, ಗಾಳಿಗೆ ಬಿದ್ದ ಸಿಲ್ವರ್ ಓಕ್, ಹಲಸಿನ ಕೊಂಬೆ. ಇವೆಲ್ಲ ಕೈಗೆ ಸಿಗುವ ಕೊಡಗಿನಲ್ಲಿ ಮರ ಕಡೆಯುವ ಲೇತ್ ಒಂದು ಇಟ್ಟುಕೊಳ್ಳೋಣ ಅನ್ನಿಸುವುದು ಸಹಜ. ಲೇತ್ ಬಂದ ಮೇಲೆ ಮರದ ತುಂಡನ್ನು ಕಚ್ಚಿ ಹಿಡಿಯುವ ಚಕ್ ಬರುತ್ತದೆ, ತುಂಡನ್ನು ಸ್ಕ್ರೂ ಹೊಡೆದು ಕೂರಿಸುವ ತಟ್ಟೆ, ಅಂದರೆ ಫೇಸ್‌ಪ್ಲೇಟ್ ಬರುತ್ತದೆ. ಎರಡೂ ಲೇತ್‌ನ ತಿರುಗುವ ದಂಡಕ್ಕೆ, ಅಂದರೆ ಸ್ಪಿಂಡಲ್‌ಗೆ, ಕೂರುತ್ತವೆ. ಅವುಗಳ ಕುತ್ತಿಗೆಯಲ್ಲಿ ಸಣ್ಣದೊಂದು ತೂತು, ಅದರೊಳಗೆ ತಲೆಯಿಲ್ಲದ ಒಂದು ಸ್ಕ್ರೂ. ಅದೇ ಗ್ರಬ್ ಸ್ಕ್ರೂ. ಅಲ್ಲಿಂದ ಗೊಂದಲ ಶುರು. ಬಿಗಿದರೆ ಸ್ಪಿಂಡಲ್‌ನ ಥ್ರೆಡ್ ಹಾಳಾಗುತ್ತದೆ ಅಂತ ಒಬ್ಬರು ಹೇಳುತ್ತಾರೆ. ಬಿಗಿಯದಿದ್ದರೆ ಚಕ್ ಬಿಚ್ಚಿಕೊಂಡು ಮುಖಕ್ಕೆ ಬರುತ್ತದೆ ಅಂತ ಇನ್ನೊಬ್ಬರು. ಹಿತ್ತಾಳೆ ಹಾಕಿ, ನೈಲಾನ್ ಹಾಕಿ, ಸ್ಪಿಂಡಲ್‌ಗೆ ಗ್ರೂವ್ (ಸುತ್ತಲೂ ಕೊರೆದ ತಗ್ಗು) ಹೊಡೆಸಿ ಅಂತ ಮತ್ತಷ್ಟು ಸಲಹೆ. ಯಾವುದನ್ನು ಹಿಡಿಯುವುದು ಅಂತ ಕೇಳಿದವರಿಗಾಗಿ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಈ ಸ್ಕ್ರೂ ಬೇಕಾಗಿಯೇ ಇಲ್ಲ. ಬೇಕಾದವರೂ ಅದರ ಉಕ್ಕಿನ ಮೂತಿಯನ್ನು ಥ್ರೆಡ್‌ಗೆ ನೇರವಾಗಿ ತಾಗಿಸಬಾರದು.

ಹಾಳಾಗುವುದು ಹೇಗೆ

ಗ್ರಬ್ ಸ್ಕ್ರೂ ಸಾಮಾನ್ಯ ಬೋಲ್ಟ್‌ಗಿಂತ ಗಟ್ಟಿ ಉಕ್ಕಿನದು. ಅಂಗಡಿಯಲ್ಲಿ ಸಿಗುವ ಹೆಚ್ಚಿನವು 45ಎಚ್ ಅನ್ನುವ ಗಟ್ಟಿ ದರ್ಜೆಯವು. ಸ್ಪಿಂಡಲ್ ಅಷ್ಟು ಗಟ್ಟಿಯಿರುವುದಿಲ್ಲ. ನಮ್ಮ ಕಡೆ ಲೇತ್ ಅಂಗಡಿಯಲ್ಲಿ ಮಾಡಿಸಿದ್ದಾದರೆ ಇಎನ್8 ಅನ್ನುವ ಮಧ್ಯಮ ಗಟ್ಟಿಯ ಉಕ್ಕು ಅಥವಾ ಬರೀ ಎಂಎಸ್ (ಮೆತ್ತನೆ ಉಕ್ಕಿನ) ರಾಡ್ ಇರಬಹುದು. ಸಾಲದ್ದಕ್ಕೆ ಈ ಸ್ಕ್ರೂವಿನ ಮೂತಿಯ ಆಕಾರ ನೋಡಿ. ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿ, ಸುತ್ತ ಚೂಪು ಅಂಚು ಇರುತ್ತದೆ. ಅದನ್ನು ಮಾಡಿರುವುದೇ ಕಚ್ಚಲಿಕ್ಕೆ.

ಎಂ6 ಸ್ಕ್ರೂ (6 ಮಿ.ಮೀ. ದಪ್ಪದ್ದು) ಎಂ33x3.5 ಥ್ರೆಡ್‌ನ (33 ಮಿ.ಮೀ. ದಪ್ಪ, ಏಣಿನಿಂದ ಏಣಿಗೆ 3.5 ಮಿ.ಮೀ.) ಮೇಲೆ ಕೂತರೆ ಒಂದೆರಡು ಏಣುಗಳ ಮೇಲೆ ಮಾತ್ರ ಕೂರುತ್ತದೆ. ಅಲೆನ್ ಕೀ ಒಂದು ಚೂರು ಜಾಸ್ತಿ ತಿರುಗಿಸಿದರೆ ಏಣು ಚಪ್ಪಟೆಯಾಗುತ್ತದೆ, ಅಲ್ಲಿದ್ದ ಲೋಹ ಪಕ್ಕದ ಸಂದಿಗೆ ಉಕ್ಕುತ್ತದೆ. ಲೇತ್ ಆಫ್ ಮಾಡಿ, ಪ್ಲಗ್ ಕಿತ್ತು, ಥ್ರೆಡ್‌ನ ಉದ್ದಕ್ಕೂ ಉಗುರು ಎಳೆದು ನೋಡಿ. ಒಂದು ಕಡೆ ಟಕ್ ಅಂತ ತಡೆಯುತ್ತದೆ. ಟಾರ್ಚ್ ಹಿಡಿದರೆ ಅಲ್ಲಿ ಬೆಳ್ಳಿಯ ಚುಕ್ಕೆಯಂಥ ಹೊಳಪು ಕಾಣುತ್ತದೆ. ಇಷ್ಟೇ ಇರುವುದು. ಆದರೆ ಚಕ್ ಬಿಚ್ಚುವಾಗ ಅದರ ಒಳಗಿನ ಥ್ರೆಡ್ ಈ ಉಬ್ಬಿನ ಮೇಲೆ ಹಾದು ಬರಬೇಕು. ಆಗ ಉಬ್ಬು ಕಿತ್ತು ಬಂದು ಒಳಗೆ ಸಿಕ್ಕಿಕೊಳ್ಳುತ್ತದೆ. ದುಬಾರಿ ಚಕ್‌ನ ಥ್ರೆಡ್ಡೂ ಹೋಗುತ್ತದೆ.

ಸ್ಕ್ರೂ ಸಡಿಲಿಸುವುದನ್ನು ಮರೆತು ಚಕ್ ತಿರುಗಿಸುವುದು ಇನ್ನೂ ಕೆಟ್ಟದ್ದು. ಆಗ ಒಂದು ಚುಕ್ಕೆಯಲ್ಲ, ಥ್ರೆಡ್‌ನ ಸುತ್ತ ಗೀರೇ ಬೀಳುತ್ತದೆ.

ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಸ್ಕ್ರೂ ಒಂದೇ ಬದಿಯಿಂದ ತಳ್ಳುತ್ತದೆ. ಚಕ್ ಸ್ಪಿಂಡಲ್‌ನ ಕಾಲರ್‌ಗೆ, ಅಂದರೆ ಥ್ರೆಡ್‌ನ ಹಿಂದಿರುವ ದಪ್ಪ ಅಂಚಿಗೆ, ಪೂರ್ತಿ ಒರಗುವ ಮೊದಲೇ ಬಿಗಿದರೆ ಚಕ್ ಸ್ವಲ್ಪ ವಾಲಿ ನಿಲ್ಲುತ್ತದೆ. ಬಟ್ಟಲು ಅಲುಗಾಡುತ್ತಿದೆ, ಬೇರಿಂಗ್ ಹೋಗಿದೆ ಅಂತ ನಾವು ಬೇರಿಂಗ್‌ಗೆ ಬೈಯುತ್ತೇವೆ.

ಆಯ್ಕೆಗೆ ಮೊದಲು ನೋಡಬೇಕಾದ್ದು

ಮೊದಲನೆಯದು, ನಿಮ್ಮ ಲೇತ್ ಉಲ್ಟಾ ತಿರುಗುತ್ತದಾ? ಚಕ್‌ನ ಥ್ರೆಡ್ ಬಲಗೈ ಥ್ರೆಡ್. ಲೇತ್ ಮುಂದಕ್ಕೆ ತಿರುಗುವಾಗ ಉಳಿಯ ಒತ್ತಡವೇ ಚಕ್ಕನ್ನು ಕಾಲರ್‌ಗೆ ಇನ್ನಷ್ಟು ಬಿಗಿಯುತ್ತದೆ. ಬಿಚ್ಚಿಕೊಳ್ಳುವ ಅಪಾಯ ಎರಡೇ ಸಂದರ್ಭದಲ್ಲಿ: ಉಲ್ಟಾ ಓಡಿಸುವಾಗ, ಇಲ್ಲವೇ ವೇಗವಾಗಿ ತಿರುಗುವ ಭಾರದ ತುಂಡು ಇದ್ದಾಗ ಸ್ಪಿಂಡಲ್ ಗಕ್ಕನೆ ನಿಂತಾಗ.

ಎರಡನೆಯದು, ಸ್ಪಿಂಡಲ್ ಯಾವ ಥರದ್ದು? ಥ್ರೆಡ್‌ನ ಹಿಂದೆ, ಕಾಲರ್‌ಗೆ ಅಂಟಿದಂತೆ, ಥ್ರೆಡ್ ಇಲ್ಲದ ನುಣುಪು ಜಾಗ ಅಥವಾ ಗ್ರೂವ್ ಇದೆಯಾ? ಅಥವಾ ಕಾಲರ್‌ವರೆಗೂ ಥ್ರೆಡ್ಡೇನಾ? ಅಥವಾ ಥ್ರೆಡ್ಡೇ ಇಲ್ಲದ ನೇರ ಶಾಫ್ಟಾ?

ಮೂರನೆಯದು, ಚಕ್ ಎಷ್ಟು ಸಲ ಬದಲಿಸುತ್ತೀರಿ? ವಾರಕ್ಕೊಮ್ಮೆ ಬದಲಿಸುವವರಿಗೂ ದಿನಕ್ಕೆ ಹತ್ತು ಸಲ ಬದಲಿಸುವವರಿಗೂ ಒಂದೇ ಉತ್ತರ ಆಗುವುದಿಲ್ಲ.

ಆಮೇಲೆ ದುಡ್ಡು, ಸಾಮಾನು ಸಿಗುವ ಜಾಗ, ಮತ್ತೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್‌ನಲ್ಲಿಟ್ಟ ಕಬ್ಬಿಣ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಿಗಿದು ಬಿಟ್ಟ ಗ್ರಬ್ ಸ್ಕ್ರೂ ತುಕ್ಕು ಹಿಡಿದು ಕೂತರೆ ಅಲೆನ್ ಕೀಯ ಮೂಲೆ ಸವೆಯುತ್ತದೆ, ಸ್ಕ್ರೂ ಅಲ್ಲಾಡುವುದಿಲ್ಲ.

ಸ್ಕ್ರೂ ತೆಗೆದೇ ಬಿಡುವುದು

ಖರ್ಚು ಸೊನ್ನೆ. ಲೇತ್‌ನಲ್ಲಿ ರಿವರ್ಸ್ ಇಲ್ಲದಿದ್ದರೆ ಬೇರೆ ಏನನ್ನೂ ಯೋಚಿಸಬೇಡಿ, ಇದೇ ಸರಿ. ಸ್ಕ್ರೂ ಬಿಚ್ಚಿ ಡಬ್ಬಿಯಲ್ಲಿಡಿ. ತೂತಿನಲ್ಲಿ ಮರದ ಪುಡಿ ತುಂಬುತ್ತದೆ ಅನ್ನಿಸಿದರೆ ಸ್ವಲ್ಪ ಮೇಣ ಒತ್ತಿ. ತೂತಲ್ಲೇ ಇರಲಿ ಅಂತ ಸ್ಕ್ರೂವನ್ನು ಸಡಿಲವಾಗಿ ಬಿಡುವುದು ಬೇಡ. ತಿರುಗುವಾಗ ಅದು ಹೊರಗೆ ಬರುತ್ತದೆ, ತೋಳಿಗೆ ಸಿಕ್ಕುತ್ತದೆ.

ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಹಾಕಿಸಿಕೊಂಡವರಿಗೆ ಒಂದು ಮಾತು. ಅದರ ಸೆಟ್ಟಿಂಗ್‌ನಲ್ಲಿ ವೇಗ ಇಳಿಯುವ ಸಮಯ ಅಂತ ಒಂದಿರುತ್ತದೆ. ಒಂದೆರಡು ಸೆಕೆಂಡ್ ಇಟ್ಟಿದ್ದರೆ ಹಸಿ ಹಲಸಿನ ದೊಡ್ಡ ತುಂಡು ಹಾಕಿದಾಗ ಸ್ಪಿಂಡಲ್ ನಿಲ್ಲುತ್ತದೆ, ತುಂಡು ನಿಲ್ಲಲು ಒಪ್ಪುವುದಿಲ್ಲ, ಚಕ್ ಬಿಚ್ಚಿಕೊಳ್ಳುತ್ತದೆ. ಅದನ್ನು ಐದಾರು ಸೆಕೆಂಡ್, ಭಾರ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಮಾಡಿ. ಗ್ರಬ್ ಸ್ಕ್ರೂ ಬೇಕು ಅಂದುಕೊಂಡಿದ್ದ ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಕೊರತೆ ಒಂದೇ. ಉಲ್ಟಾ ತಿರುಗಿಸಿ ಸ್ಯಾಂಡ್‌ಪೇಪರ್ ಹಿಡಿಯಲು ಆಗುವುದಿಲ್ಲ. ಸಿಲ್ವರ್ ಓಕ್‌ನಂಥ ಮರದಲ್ಲಿ ನಾರು ಒಂದೇ ಕಡೆ ಮಲಗುತ್ತದೆ. ಉಲ್ಟಾ ಉಜ್ಜಿದರೆ ನುಣುಪು ಚೆನ್ನಾಗಿ ಬರುತ್ತದೆ ಅನ್ನುವುದು ನಿಜ. ಆ ನುಣುಪು ನಿಮಗೆ ಬೇಕೇ ಬೇಕು ಅಂದರೆ ಮುಂದೆ ಓದಿ.

ಬಂದ ಸ್ಕ್ರೂವನ್ನೇ ನುಣುಪು ಜಾಗದ ಮೇಲೆ ಬಿಗಿಯುವುದು

ಕೆಲವು ಒಳ್ಳೆಯ ಲೇತ್‌ಗಳಲ್ಲಿ ತಯಾರಕರೇ ಥ್ರೆಡ್‌ನ ಹಿಂದೆ ಗ್ರೂವ್ ಕೊಟ್ಟಿರುತ್ತಾರೆ. ಸ್ಕ್ರೂ ಅಲ್ಲಿ ಕೂತರೆ ಬರ್ (ಒತ್ತಿದ ಲೋಹದ ಉಬ್ಬು) ಎದ್ದರೂ ತಗ್ಗಿನೊಳಗೇ ಇರುತ್ತದೆ, ಚಕ್‌ನ ಥ್ರೆಡ್‌ಗೆ ತಾಗುವುದಿಲ್ಲ. ಹಿಡಿತವೂ ಗಟ್ಟಿ.

ಆದರೆ ಸ್ಕ್ರೂ ನಿಜವಾಗಿ ಅಲ್ಲೇ ಕೂರುತ್ತದಾ ಅಂತ ಅಳೆಯಲೇಬೇಕು. ಚಕ್‌ನ ಹಿಂಬದಿಯ ಅಂಚಿನಿಂದ ಸ್ಕ್ರೂ ತೂತಿನ ನಡುವಿಗೆ ಎಷ್ಟು ಮಿಲಿಮೀಟರ್? ಕಾಲರ್‌ನಿಂದ ಗ್ರೂವ್‌ಗೆ ಎಷ್ಟು? ಎರಡೂ ಹೊಂದದಿದ್ದರೆ ಗ್ರೂವ್ ಇದ್ದೂ ಪ್ರಯೋಜನವಿಲ್ಲ. ಚಕ್ ಒಂದು ಕಂಪನಿಯದು, ಫೇಸ್‌ಪ್ಲೇಟ್ ಇನ್ನೊಂದು ಕಂಪನಿಯದು ಆದಾಗ ಹೀಗಾಗುತ್ತದೆ. ಚಕ್ ಸಿಕ್ಕಿಕೊಳ್ಳದಿರಲಿ ಅಂತ ಕಾಲರ್‌ಗೆ ಪ್ಲಾಸ್ಟಿಕ್ ವಾಷರ್ ಹಾಕುವವರೂ ಗಮನಿಸಿ. ವಾಷರ್‌ನ ದಪ್ಪದಷ್ಟು ಸ್ಕ್ರೂ ಮುಂದಕ್ಕೆ ಹೋಗುತ್ತದೆ, ಗ್ರೂವ್ ಬಿಟ್ಟು ಥ್ರೆಡ್ ಮೇಲೆ ಕೂರಬಹುದು. ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ವಾಷರ್ ಬೇರೆ ಒಂದೇ ದಪ್ಪ ಇರುವುದಿಲ್ಲ, ಚಕ್ ವಾಲುತ್ತದೆ.

ಸ್ಕ್ರೂವಿನ ಕೆಳಗೆ ಮೆತ್ತನೆಯ ತುಂಡು

ಸ್ಪಿಂಡಲ್‌ಗೆ ಕೈ ಹಾಕದೆ, ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸ ಇದು. ಸ್ಕ್ರೂ ಬಿಚ್ಚಿ, ತೂತಿಗೆ ಮೆತ್ತನೆಯ ವಸ್ತುವಿನ ಸಣ್ಣ ತುಂಡು ಹಾಕಿ, ಮೇಲೆ ಸ್ಕ್ರೂ ಬಿಗಿಯುವುದು. ತುಂಡು ಥ್ರೆಡ್‌ನ ಆಕಾರಕ್ಕೆ ಒತ್ತಿಕೊಳ್ಳುತ್ತದೆ, ಸ್ಪಿಂಡಲ್ ಹಾಗೇ ಉಳಿಯುತ್ತದೆ. ಯಾವ ತುಂಡು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ ಇದೆ.

ನೈಲಾನ್ ಮೊದಲು. ಕೊಡಗಿನ ಯಾವ ತೋಟದ ಮನೆಯಲ್ಲೂ ಕಳೆ ಹೊಡೆಯುವ ಬ್ರಷ್ ಕಟರ್‌ನ ನೈಲಾನ್ ದಾರ ಸಿಗುತ್ತದೆ. 3 ಮಿ.ಮೀ. ದಪ್ಪದ್ದನ್ನು ಮೂರು ಮಿಲಿಮೀಟರ್ ಉದ್ದ ಕತ್ತರಿಸಿದರೆ ಎಂ6 ತೂತಿಗೆ ಸಾಕು. ಬಿಚ್ಚಿ ತೆಗೆದಾಗ ಆ ತುಂಡಿನ ಕೆಳಗೆ ಥ್ರೆಡ್‌ನ ಗೆರೆ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಅದು ಕಂಡರೆ ಸರಿಯಾಗಿ ಕೂತಿತ್ತು ಅಂತ ಅರ್ಥ. ಸ್ಪಿಂಡಲ್‌ಗೆ ಏನೂ ಆಗುವುದಿಲ್ಲ. ಆದರೆ ನೈಲಾನ್ ಒತ್ತಡಕ್ಕೆ ನಿಧಾನವಾಗಿ ಸೋಲುತ್ತದೆ. ಬೆಳಿಗ್ಗೆ ಬಿಗಿದದ್ದು ಸಂಜೆಗೆ ಸಡಿಲ. ಉಲ್ಟಾ ಓಡಿಸುವ ಮೊದಲು ಪ್ರತಿ ಸಲ ಕೀ ಹಾಕಿ ನೋಡಲೇಬೇಕು.

ಸೀಸ ಅಚ್ಚುಕಟ್ಟಾಗಿ ಕೂರುತ್ತದೆ. ಕೋವಿ ಇರುವ ಮನೆಗೆ ಕೊಡಗಿನಲ್ಲಿ ಬರವಿಲ್ಲ, ಹಾಗಂತ ಕಾರ್ಟ್ರಿಜ್ ಬಿಚ್ಚಿ ಅದರ ಗುಂಡು ತೆಗೆಯಲು ಹೋಗಬೇಡಿ. ಏರ್ ಗನ್ ಪೆಲೆಟ್ ಸಾಕು. 4.5 ಮಿ.ಮೀ. ಪೆಲೆಟ್ ಎಂ6 ತೂತಿಗೆ ಹೇಳಿ ಮಾಡಿಸಿದ ಹಾಗೆ ಇಳಿಯುತ್ತದೆ, ಯಾಕಂದರೆ ಎಂ6 ಥ್ರೆಡ್‌ನ ಒಳ ಅಳತೆ ಸುಮಾರು 5 ಮಿ.ಮೀ. ಎಂ8 ಆದರೆ 5.5ರ ಪೆಲೆಟ್. ಸೀಸ ಥ್ರೆಡ್‌ನ ಸಂದಿಗೆಲ್ಲ ತುಂಬಿ ಕೂರುತ್ತದೆ, ನೈಲಾನ್‌ನಷ್ಟು ಬೇಗ ಸಡಿಲವಾಗುವುದಿಲ್ಲ. ತೊಂದರೆ ಏನೆಂದರೆ ಚಕ್ ಬಿಚ್ಚಿದಾಗ ಚೂರು ಸಂದಿಯಲ್ಲೇ ಉಳಿಯಬಹುದು. ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ, ಉಕ್ಕಿನ ಮೊಳೆ ಬೇಡ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳು ಓಡಾಡುವ ಶೆಡ್ ಆದರೆ ಇದು ಬೇಡವೇ ಬೇಡ.

ತಾಮ್ರಕ್ಕೆ ಎಲೆಕ್ಟ್ರಿಕ್ ಅಂಗಡಿಯ ಅರ್ಥಿಂಗ್ ತಂತಿ ನೋಡಿ. 8 ನಂಬರ್ ಗೇಜ್ ತಂತಿ ಸುಮಾರು 4 ಮಿ.ಮೀ. ದಪ್ಪ. ಒಂದು ತುಂಡು ಕತ್ತರಿಸಿ, ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗುತ್ತದೆ. ಒತ್ತಿ ಒತ್ತಿ ಮತ್ತೆ ಗಟ್ಟಿಯಾದಾಗ ಮತ್ತೆ ಕಾಯಿಸಬಹುದು.

ಹಿತ್ತಾಳೆಗೆ ನನ್ನ ಓಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಾಕುವ ಹಿತ್ತಾಳೆ ಮರದ ಸ್ಕ್ರೂ ಸಿಗುತ್ತದಲ್ಲ, 8 ನಂಬರ್‌ನದ್ದು ತಗೊಳ್ಳಿ. ಅದರ ಥ್ರೆಡ್ ಇಲ್ಲದ ಭಾಗ 4 ಮಿ.ಮೀ. ಚಿಲ್ಲರೆ ದಪ್ಪ ಇರುತ್ತದೆ. ಆ ಭಾಗದಿಂದ ನಾಲ್ಕು ಮಿಲಿಮೀಟರ್ ಹ್ಯಾಕ್ಸಾದಲ್ಲಿ ಕತ್ತರಿಸಿ, ಎರಡೂ ತುದಿಯ ಚೂಪನ್ನು ಅರದಲ್ಲಿ ಉಜ್ಜಿ. ಮೆತ್ತನೆಯ ವಸ್ತುಗಳಲ್ಲೆಲ್ಲ ಹಿಡಿತ ಇದರದ್ದೇ ಜಾಸ್ತಿ, ಮಳೆಗಾಲದಲ್ಲಿ ತುಕ್ಕಿನ ಕಾಟವೂ ಇಲ್ಲ. ಆದರೆ ಕೀಗೆ ಪೈಪ್ ಸಿಕ್ಕಿಸಿ ಬಿಗಿಯುವ ಅಭ್ಯಾಸ ಇದ್ದರೆ ಹಿತ್ತಾಳೆಯೂ ಥ್ರೆಡ್‌ನ ಏಣು ಸವೆಸುತ್ತದೆ. ಎರಡು ಬೆರಳಲ್ಲಿ ಕೀ ಹಿಡಿದು ಬಿಗಿದಷ್ಟು ಸಾಕು.

ಯಾವುದನ್ನೇ ಹಾಕಿ, ಎರಡು ಕೆಲಸ ಮರೆಯಬೇಡಿ. ತುಂಡು ಹಾಕಿದ ಮೇಲೆ ಹಳೆಯ ಸ್ಕ್ರೂ ಉದ್ದವಾಗಿ ಹೊರಗೆ ಇಣುಕುತ್ತದೆ. ಅದರ ಬದಲು ಗಿಡ್ಡ ಸ್ಕ್ರೂ ತನ್ನಿ, ಎಂ6x10 ಇದ್ದ ಜಾಗಕ್ಕೆ ಎಂ6x6. ಸ್ಕ್ರೂ ಚಕ್‌ನ ಮೈಗಿಂತ ಒಳಗೇ ಇರಬೇಕು. ಇನ್ನೊಂದು, ಚಕ್ ಬಿಚ್ಚಿ ಇಟ್ಟಾಗ ತುಂಡು ಉದುರಿ ಮರದ ಹೊಟ್ಟಿನಲ್ಲಿ ಕಳೆದುಹೋಗುತ್ತದೆ. ತೂತಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿದರೆ ಅಂಟಿಕೊಂಡಿರುತ್ತದೆ. ಉದುರಿದ್ದು ಗೊತ್ತಾಗದೆ ಬಿಗಿದರೆ ಉಕ್ಕು ನೇರವಾಗಿ ಥ್ರೆಡ್‌ಗೇ ಬಡಿಯುತ್ತದೆ. ದಿನಕ್ಕೆ ಹತ್ತು ಸಲ ಚಕ್ ಬದಲಿಸುವವರಿಗೆ ಈ ದಾರಿ ಸ್ವಲ್ಪ ಕಿರಿಕಿರಿ ಅನ್ನಿಸುವುದು ಅದಕ್ಕೇ.

ರೆಡಿ ಸಿಗುವ ಮೆತ್ತನೆ ಮೂತಿಯ ಸ್ಕ್ರೂ

ಉಕ್ಕಿನ ಮೈ, ಮೂತಿಗೆ ಮಾತ್ರ ಹಿತ್ತಾಳೆ ಅಥವಾ ನೈಲಾನ್. ತುಂಡು ಉದುರುವ ತಲೆನೋವಿಲ್ಲ. ದಿನಾ ಕೆಲಸ ಮಾಡುವವರಿಗೆ, ನಾಲ್ಕೈದು ಫೇಸ್‌ಪ್ಲೇಟ್ ಇರುವವರಿಗೆ ಇದು ಒಳ್ಳೆಯದು. ಮಡಿಕೇರಿ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದನ್ನು ಹುಡುಕಿ ಸಮಯ ಕಳೆಯಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗುವವರಿದ್ದರೆ ಹೇಳಿ ಕಳಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ತರಿಸುವಾಗ ಹೆಸರು ನೋಡಿ ಮೋಸಹೋಗಬೇಡಿ. ನೈಲಾನ್ ಪ್ಯಾಚ್ ಅಂತ ಬೇರೆ ಒಂದು ಸ್ಕ್ರೂ ಇದೆ. ಅದರ ನೈಲಾನ್ ಇರುವುದು ಪಕ್ಕದ ಥ್ರೆಡ್‌ನಲ್ಲಿ, ಸ್ಕ್ರೂ ತಾನಾಗಿ ಸಡಿಲವಾಗದಿರಲಿ ಅಂತ. ಮೂತಿ ಉಕ್ಕಿನದ್ದೇ. ನಮಗೆ ಬೇಕಾದ್ದು ಟಿಪ್‌ನಲ್ಲಿ ನೈಲಾನ್ ಇರುವುದು. ಪೂರ್ತಿ ಹಿತ್ತಾಳೆಯ ಗ್ರಬ್ ಸ್ಕ್ರೂ ಕೂಡ ಸಿಗುತ್ತದೆ. ಅದರ ಅಲೆನ್ ಕೀ ಕೂರುವ ಗುಂಡಿ ಬೇಗ ಸವೆಯುತ್ತದೆ, ನಾನು ತರಿಸುವುದಿಲ್ಲ. ಅಳತೆಯೂ ಸರಿಯಾಗಿ ನೋಡಿ. 3 ಮಿ.ಮೀ. ಅಲೆನ್ ಕೀ ಹಿಡಿದರೆ ಎಂ6, 2.5 ಹಿಡಿದರೆ ಎಂ5, 4 ಹಿಡಿದರೆ ಎಂ8. ಅಮೆರಿಕದ ಚಕ್ ಆದರೆ ಇಂಚಿನ ಅಳತೆ ಇರಬಹುದು. ಎಂ6 ಸ್ಕ್ರೂವನ್ನು ಕಾಲಿಂಚಿನ ತೂತಿಗೆ ತುರುಕಿದರೆ ಚಕ್ ಹಾಳು.

ಲೇತ್ ಅಂಗಡಿಯಲ್ಲಿ ಗ್ರೂವ್ ಹೊಡೆಸುವುದು

ಒಂದು ಸಲದ ಖರ್ಚು, ಆಮೇಲೆ ನೆಮ್ಮದಿ ಅನ್ನಿಸುತ್ತದೆ. ಎಲ್ಲರ ಸ್ಪಿಂಡಲ್‌ಗೂ ಇದು ಆಗುವುದಿಲ್ಲ.

ಲೆಕ್ಕ ಹಾಕೋಣ. ಸಣ್ಣ ಲೇತ್‌ಗಳಲ್ಲಿ ಹೆಚ್ಚಾಗಿ ಸಿಗುವ ಸ್ಪಿಂಡಲ್ ಒಂದು ಇಂಚಿನದು, ಇಂಚಿಗೆ 8 ಥ್ರೆಡ್. ಒಳಗೆ ಎಂಟಿ2 ಟೇಪರ್ (ಒಳಕ್ಕೆ ಹೋದಂತೆ ಕಿರಿದಾಗುವ ತೂತು) ಕೊರೆದಿರುತ್ತದೆ, ಅದರ ಬಾಯಿ 17.78 ಮಿ.ಮೀ. ಥ್ರೆಡ್‌ನ ತಳದಲ್ಲಿ ಸ್ಪಿಂಡಲ್‌ನ ದಪ್ಪ ಸುಮಾರು 21.5 ಮಿ.ಮೀ. ಅಂದರೆ ಒಂದು ಬದಿಯ ಗೋಡೆ ಉಳಿಯುವುದು 2 ಮಿ.ಮೀ. ಆಸುಪಾಸು. ಅದರಲ್ಲಿ ಇನ್ನೂ ಕೊರೆದು ಗ್ರೂವ್ ಮಾಡಿದರೆ ಉಳಿಯುವುದೇನು? ಭಾರದ ಬುಡ ಸಿಕ್ಕಿಸಿ ಓಡಿಸುವಾಗ ಬಿರುಕು ಬಿಡುವುದು ಅಲ್ಲೇ. ಈ ಸ್ಪಿಂಡಲ್‌ಗೆ ಗ್ರೂವ್ ಬೇಡ. ಎಂ33x3.5 ಆದರೆ ತಳದಲ್ಲೂ ಗೋಡೆ 5 ಮಿ.ಮೀ. ಮೇಲೆ ಉಳಿಯುತ್ತದೆ, ಅಲ್ಲಿ ಧೈರ್ಯವಾಗಿ ಹೊಡೆಸಬಹುದು. ಗ್ರೂವ್‌ನ ತಳ ದುಂಡಗಿರಲಿ, ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಸ್ಪಿಂಡಲ್ ಬಿಚ್ಚಬೇಕು, ಬೇರಿಂಗ್ ತೆಗೆಯಬೇಕು, ಕುಶಾಲನಗರಕ್ಕೋ ಮೈಸೂರಿಗೋ ಒಯ್ಯಬೇಕು, ವಾಪಸ್ ಕೂರಿಸಬೇಕು. ಗ್ರೂವ್ ಹೊಡೆಯುವ ಕೂಲಿಗಿಂತ ಈ ಓಡಾಟವೇ ದೊಡ್ಡದು. ಬೇರಿಂಗ್ ಹೇಗೂ ಬದಲಿಸಬೇಕಾದ ಸಮಯ ಬಂದಾಗ ಜೊತೆಗೆ ಮಾಡಿಸುವುದು ಜಾಣತನ. ಹೋಗುವಾಗ ಚಕ್ಕನ್ನೂ ಒಯ್ಯಿರಿ, ಸ್ಕ್ರೂ ಎಲ್ಲಿ ಕೂರುತ್ತದೆ ಅಂತ ಟರ್ನರ್ ಅಳೆದುಕೊಳ್ಳಲಿ.

ಗ್ರೂವ್ ಬದಲು ಸ್ಪಿಂಡಲ್‌ಗೆ ಒಂದು ತೂತು ಕೊರೆದು ಸ್ಕ್ರೂ ಅದರಲ್ಲಿ ಇಳಿಯಲಿ ಅಂತ ಕೆಲವರು ಹೇಳುತ್ತಾರೆ. ಒಪ್ಪಬೇಡಿ. ಪ್ರತಿ ಚಕ್‌ನ ಥ್ರೆಡ್ ಶುರುವಾಗುವ ಜಾಗ ಬೇರೆ. ಒಂದು ಚಕ್‌ಗೆ ಹೊಂದಿದ ತೂತು ಇನ್ನೊಂದಕ್ಕೆ ಹೊಂದುವುದಿಲ್ಲ.

ಥ್ರೆಡ್ಡೇ ಇಲ್ಲದ ನೇರ ಶಾಫ್ಟ್

ಹಳೆಯ ಮೋಟಾರಿಗೆ ಜೋಡಣೆ ಮಾಡಿ ಮನೆಯಲ್ಲೇ ಲೇತ್ ಮಾಡಿಕೊಂಡವರ ಕಥೆ ಬೇರೆ. ಇಲ್ಲಿ ಫೇಸ್‌ಪ್ಲೇಟ್ ಸ್ಪಿಂಡಲ್ ಮೇಲೆ ಜಾರಿ ಕೂರುತ್ತದೆ, ತಿರುಗಿಸುವುದೂ ಹಿಡಿಯುವುದೂ ಗ್ರಬ್ ಸ್ಕ್ರೂವೇ. ಇಲ್ಲಿ ಮೆತ್ತನೆ ತುಂಡು ಹಾಕಬೇಡಿ. ಜಾರುತ್ತದೆ, ಜಾರಿದರೆ ಅಪಾಯ.

ಮೋಟಾರಿನ ಶಾಫ್ಟ್‌ಗೆ ಸಾಮಾನ್ಯವಾಗಿ ಕೀವೇ ಇರುತ್ತದೆ, ಅಂದರೆ ಕೀ ಅನ್ನುವ ಉಕ್ಕಿನ ತುಂಡು ಕೂರುವ ಉದ್ದನೆಯ ತಗ್ಗು. 80 ಫ್ರೇಮ್‌ನ (ಫ್ರೇಮ್ ಅಂದರೆ ಮೋಟಾರಿನ ಅಳತೆಯ ನಂಬರ್) ಮೋಟಾರಿನಲ್ಲಿ 19 ಮಿ.ಮೀ. ಶಾಫ್ಟ್, 6 ಮಿ.ಮೀ. ಕೀ. 90 ಫ್ರೇಮ್ ಆದರೆ 24 ಮತ್ತು 8. ಫೇಸ್‌ಪ್ಲೇಟಿನಲ್ಲೂ ಕೀವೇ ಕೊರೆಸಿ, ಗ್ರಬ್ ಸ್ಕ್ರೂ ಕೀಯ ನೆತ್ತಿಯ ಮೇಲೆ ಬರುವ ಹಾಗೆ ಮಾಡಿಸಿ. ತಿರುಗಿಸುವ ಕೆಲಸ ಕೀಯದ್ದು, ಸ್ಕ್ರೂ ಬರೀ ಜಾರದಂತೆ ತಡೆಯುತ್ತದೆ. ಗಾಯ ಆದರೂ ಕೀಗೆ, ಅದು ಅಗ್ಗದ ತುಂಡು.

ಅದು ಆಗದಿದ್ದರೆ ಸ್ಕ್ರೂ ಕೂರುವ ಜಾಗದಲ್ಲಿ ಅರದಿಂದ ಒಂದು ಚಪ್ಪಟೆ ಮಾಡಿಕೊಳ್ಳಿ. ಆಗ ಬರ್ ಎದ್ದರೂ ಶಾಫ್ಟ್‌ನ ದುಂಡಿಗಿಂತ ಮೇಲೆ ಬರುವುದಿಲ್ಲ, ಫೇಸ್‌ಪ್ಲೇಟ್ ಸಲೀಸಾಗಿ ಹೊರಗೆ ಬರುತ್ತದೆ. ಅದಿಲ್ಲದೆ ದುಂಡು ಶಾಫ್ಟ್ ಮೇಲೆ ಬಿಗಿದರೆ ಕೊನೆಗೆ ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಗುತ್ತದೆ, ಮೋಟಾರಿನ ಬೇರಿಂಗ್ ಏಟು ತಿನ್ನುತ್ತದೆ.

ಯಾರಿಗೆ ಯಾವುದು

ರಿವರ್ಸ್ ಇಲ್ಲದ ಲೇತ್, ವಾರಾಂತ್ಯದಲ್ಲಿ ಪೆನ್ನು, ಲಟ್ಟಣಿಗೆ, ಸಣ್ಣ ಬಟ್ಟಲು: ಸ್ಕ್ರೂ ತೆಗೆದಿಡಿ, ದುಡ್ಡು ಉಳಿಸಿ. ರಿವರ್ಸ್ ಇದೆ, ಆಗೊಮ್ಮೆ ಈಗೊಮ್ಮೆ ಉಜ್ಜಲು ಬೇಕು: ಹಿತ್ತಾಳೆ ತುಂಡು, ಇವತ್ತೇ ಬೇಕು ಅಂದರೆ ಬ್ರಷ್ ಕಟರ್ ದಾರ. ಹೋಂಸ್ಟೇಗಳಿಗೆ ಬಟ್ಟಲು ಮಾಡಿಕೊಡುವವರು, ದಿನವಿಡೀ ಲೇತ್ ಮುಂದೆ ಇರುವವರು ಎಲ್ಲಾ ಚಕ್‌ಗಳಿಗೂ ಹಿತ್ತಾಳೆ ಮೂತಿಯ ಸ್ಕ್ರೂ ತರಿಸಿಕೊಳ್ಳಿ. ಅವರ ಸ್ಪಿಂಡಲ್ ಎಂ33 ಆಗಿದ್ದು, ಬೇರಿಂಗ್ ಕೂಡ ಸದ್ದು ಮಾಡುತ್ತಿದ್ದರೆ ಗ್ರೂವ್ ಬಗ್ಗೆ ಯೋಚಿಸಬಹುದು. ಯಾವ ದಾರಿ ಹಿಡಿದರೂ ಉಲ್ಟಾ ಓಡಿಸುವುದು ಕಡಿಮೆ ವೇಗದಲ್ಲಿ, ಹಗುರ ತುಂಡಿಗೆ, ಸ್ಯಾಂಡ್‌ಪೇಪರ್‌ಗೆ ಮಾತ್ರ. ಒದ್ದೆ ಬುಡ ಸಿಕ್ಕಿಸಿ ಉಲ್ಟಾ ಓಡಿಸುವ ಧೈರ್ಯವನ್ನು ಯಾವ ಸ್ಕ್ರೂ ನಂಬಿಯೂ ಮಾಡಬೇಡಿ.

ಮಳೆಗಾಲಕ್ಕೆ ಲೇತ್ ಮುಚ್ಚಿಡುವವರು ಸ್ಕ್ರೂ ಬಿಚ್ಚಿ, ಚಕ್ ಇಳಿಸಿ, ಥ್ರೆಡ್‌ಗೆ ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿಡಿ.

ಈಗಾಗಲೇ ಗಾಯವಾಗಿದ್ದರೆ

ಚಕ್ಕನ್ನು ಬಲವಂತವಾಗಿ ತಿರುಗಿಸಿ ಥ್ರೆಡ್ ಸರಿಮಾಡಲು ಹೋಗಬೇಡಿ. ಮೂರು ಮೂಲೆಯ ಸಣ್ಣ ಅರ ತಗೊಳ್ಳಿ. ಅದರ ಮೂಲೆ 60 ಡಿಗ್ರಿ, ಮೆಟ್ರಿಕ್ ಥ್ರೆಡ್‌ನ ಕೋನವೂ ಇಂಚಿನ 8 ಥ್ರೆಡ್‌ನ ಕೋನವೂ ಅಷ್ಟೇ. ಲೇತ್‌ನ ಪ್ಲಗ್ ಕಿತ್ತು, ಸ್ಪಿಂಡಲ್ಲನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಉಬ್ಬಿದ ಜಾಗವನ್ನಷ್ಟೇ ಉಜ್ಜಿ. ಏಣು ಚಪ್ಪಟೆಯಾಗಿದ್ದರೆ ಇರಲಿ ಬಿಡಿ, ಅದನ್ನು ಮತ್ತೆ ಚೂಪು ಮಾಡಬೇಕಾಗಿಲ್ಲ. ಸಂದಿಗೆ ಉಕ್ಕಿದ್ದು ಹೋದರೆ ಸಾಕು. ಹಳೆಯ ಟೂತ್‌ಬ್ರಷ್‌ನಲ್ಲಿ ಪುಡಿ ತೆಗೆದು, ಎಣ್ಣೆ ಹಾಕಿ, ಚಕ್ಕನ್ನು ಕೈಯಲ್ಲೇ ತಿರುಗಿಸಿ ನೋಡಿ. ಕಾಲರ್‌ವರೆಗೂ ಬೆರಳಿನಲ್ಲೇ ಹೋದರೆ ಕೆಲಸ ಮುಗಿಯಿತು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತಂದು ಆ ಜಾಗವನ್ನು ಮತ್ತೆ ಉಜ್ಜಿ.